ಕೈ ಸೋಲುವ ಮನೆ

ಇವತ್ತಿಗೂ ಯಾರಾದರೂ ಕುಂಕುಮದ ಬಟ್ಟಲು ಹಿಡಿದುಕೊಂಡು ‘ನಮ್ಮ ಸೊಸೆಯ ಕೈ ಸೋತ ಶಾಸ್ತ್ರ, ಬರಬೇಕು’ ಎಂದು ಕರೆಯಲು ಬಂದರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಹೋಗುವುದಿಲ್ಲ ನಾನು. ಮೊದಮೊದಲು ತಲೆನೋವು ಅನ್ನುತ್ತಿದ್ದೆ, ಈಗ ನೇರವಾಗಿ ‘ಬರಲ್ಲ’ ಅನ್ನುತ್ತೇನೆ. ಮದುವೆಯಾಗಿ ಇನ್ನೂ ವರ್ಷ ತುಂಬಿರುತ್ತದೋ ಇಲ್ಲವೋ, ಆ ಹುಡುಗಿಗೆ ರೇಷ್ಮೆ ಸೀರೆ ಉಡಿಸಿ, ಕೈಗೊಂದು ಸ್ಪ್ಯಾನರ್ ಕೊಟ್ಟು, ಅಡುಗೆಮನೆಯ ಸಿಂಕಿನ ಕೆಳಗೆ ತೂರಿಸಿ, ಸೋರುವ ನಲ್ಲಿಯನ್ನು ಬಿಗಿ ಮಾಡಮ್ಮ ಅನ್ನುತ್ತಾರೆ. ಅವಳ ಕೈಗೆ ನಲ್ಲಿ ನಿಲ್ಲದೇ ಹೋದರೆ ಚಪ್ಪಾಳೆ, ನಗು, ಪಾಯಸ. ಇಂಥ ಊರು ಭೂಮಿಯ ಮೇಲೆ ಇದೊಂದೇ ಇರಬೇಕು.

ನಮ್ಮೂರಿನಲ್ಲಿ ಮನೆಯವರ ಕೈಗೆ ಮನೆಯ ಸೋರಿಕೆ ನಿಲ್ಲುವುದಿಲ್ಲ. ಹೊಸ ವಾಷರ್ ಹಾಕಿ, ಟೇಪು ಸುತ್ತಿ, ಮೈಯಲ್ಲಿರುವ ಶಕ್ತಿಯನ್ನೆಲ್ಲ ಹಾಕಿ ತಿರುಗಿಸಿದರೂ ಸೋರುವುದು ಸೋರುತ್ತಲೇ ಇರುತ್ತದೆ. ಹೊರಗಿನವರು ಯಾರಾದರೂ ಬಂದು ಅದೇ ಸ್ಪ್ಯಾನರಿನಿಂದ ಅರ್ಧ ಸುತ್ತು ತಿರುಗಿಸಿದರೆ ಸಾಕು, ಗಪ್‌ಚಿಪ್. ಅದಕ್ಕೇ ಪ್ರತಿ ಮನೆಗೂ ಒಬ್ಬ ‘ಹೊರಗೈ’ ಇರುತ್ತಾರೆ, ಸಾಮಾನ್ಯವಾಗಿ ಪಕ್ಕದ ಮನೆಯವರು. ನಲ್ಲಿ ರಿಪೇರಿಯನ್ನೇ ಕಸುಬು ಮಾಡಿಕೊಂಡವನು ಕೂಡ ತನ್ನ ಮನೆಗೆ ಪಕ್ಕದ ಮನೆಯ ಮೇಷ್ಟ್ರನ್ನು ಕಾಫಿ ಕೊಟ್ಟು ಕರೆಸಿಕೊಳ್ಳಬೇಕು. ಬಾಡಿಗೆಗೆ ಬಂದವರ ಕೈ ಕೆಲವು ತಿಂಗಳಲ್ಲಿ ಸೋಲತೊಡಗುತ್ತದೆ. ಹಾಗೆ ಸೋತ ಒಬ್ಬ ಪುಣ್ಯಾತ್ಮ ಬೊಗಸೆಯಲ್ಲಿ ಸೋರಿದ ನೀರು ಹಿಡಿದು ಮನೆಯ ಮಾಲೀಕನ ಮುಂದೆ ನಿಂತು, ನೋಡಿ ಸ್ವಾಮಿ, ಇನ್ನು ಹೇಗೆ ಖಾಲಿ ಮಾಡಲಿ ಎಂದು ಕೇಳಿದ್ದನ್ನು ಊರು ಇನ್ನೂ ಹೇಳಿಕೊಂಡು ನಗುತ್ತದೆ. ಹಾಸ್ಟೆಲಿನಿಂದ ರಜೆಗೆ ಬಂದ ಮಗನಿಗೆ ಅಮ್ಮಂದಿರು ಊಟಕ್ಕೆ ಮುಂಚೆ ನಲ್ಲಿ ತಿರುಗಿಸು ಅನ್ನುತ್ತಾರೆ. ಸೋರಿದರೆ ಅವರಿಗೆ ನೆಮ್ಮದಿ.

ನನ್ನ ಶಾಸ್ತ್ರ ನಡೆದಾಗ ನನಗೆ ಇಪ್ಪತ್ತೆರಡು ವರ್ಷ. ಅತ್ತೆ ತಾವೇ ಸ್ಪ್ಯಾನರಿಗೆ ಅರಿಶಿನ ಹಚ್ಚಿ ಕೊಟ್ಟರು. ನಮ್ಮ ಯಜಮಾನರು ಮುಕುಂದರಾಯರು ಬಾಗಿಲಿಗೆ ಒರಗಿ ನಗುತ್ತಾ ನಿಂತಿದ್ದರು. ಸೆರಗು ಸಿಕ್ಕಿಸಿಕೊಂಡು ಸಿಂಕಿನ ಕೆಳಗೆ ತಲೆ ಹಾಕಿದೆ. ಗೋಡೆಯಿಂದ ಬರುವ ಪೈಪಿಗೆ ಒಂದು ಪುಟ್ಟ ನಲ್ಲಿ, ಅದರ ನಟ್ಟಿನ ಸುತ್ತ ಹನಿ ಕಟ್ಟಿ ತೊಟ್ಟಿಕ್ಕುತ್ತಿತ್ತು. ಬಲಕ್ಕೆ ತಿರುಗಿಸಿದೆ. ಒಂದು ಹನಿ ಬಿತ್ತು, ಎರಡು ಬಿತ್ತು, ಮೂರನೆಯದು ಬೀಳಲಿಲ್ಲ. ಕಾದೆ. ಬೀಳಲೇ ಇಲ್ಲ. ನಟ್ಟು ನನ್ನ ಕೈಗೆ ಭದ್ರವಾಗಿ ಕೂತುಬಿಟ್ಟಿತ್ತು. ಆ ಕತ್ತಲೆಯಲ್ಲಿ ನನ್ನ ಎದೆ ಹೊಡೆದುಕೊಂಡ ರೀತಿ ನನಗೇ ಗೊತ್ತು. ಹಿಂದೆ ಹದಿನೈದು ಜನ ಹೆಂಗಸರು, ಒಲೆಯ ಮೇಲೆ ಪಾಯಸ. ನಾನು ಏನು ಮಾಡಿದೆ? ಸೆರಗನ್ನು ಅಡ್ಡ ಮಾಡಿಕೊಂಡು ಮಣಿಕಟ್ಟನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿ ನಟ್ಟು ಸಡಿಲ ಮಾಡಿದೆ. ತೊಟ್ಟಿಕ್ಕಿತು. ‘ಸೋತಳು, ಸೋತಳು’ ಎಂದು ಅತ್ತೆ ಚಪ್ಪಾಳೆ ತಟ್ಟಿದರು. ಪಾಯಸದಲ್ಲಿ ದ್ರಾಕ್ಷಿ ಜಾಸ್ತಿ ಇತ್ತು, ನನಗೆ ಒಂದೂ ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ಇಪ್ಪತ್ತಾರು ವರ್ಷ ಆ ಮನೆಯ ಒಂದು ನಲ್ಲಿಯನ್ನೂ ನಾನು ಬಿಗಿ ಮಾಡಲು ಹೋಗಲಿಲ್ಲ. ಹನಿ ಬಿದ್ದರೆ ಸಾಕು, ಪಕ್ಕದ ಮನೆಯ ಚೆನ್ನಕೇಶವನನ್ನು ಕೂಗುತ್ತಿದ್ದೆ. ಅವನು ನಮ್ಮ ಹೊರಗೈ. ಬಂದು ಕಾಫಿ ಕುಡಿದು, ಕಾಫಿಗೆ ಸಕ್ಕರೆ ಕಡಿಮೆ ಎಂದು ಗೊಣಗಿ, ಅರ್ಧ ಸುತ್ತು ತಿರುಗಿಸಿ ಹೋಗುತ್ತಿದ್ದ. ವಾರಿಜ ಸ್ಪ್ಯಾನರ್ ಮುಟ್ಟಲ್ಲ, ನಾಜೂಕಿನವಳು ಅಂದುಕೊಂಡಿದ್ದರು ಎಲ್ಲರೂ. ಮಾತಿಗೇನು ಕಡಿಮೆ? ‘ವಾರಿಜ ನಮಗೆ ಸೊಸೆಯಲ್ಲ, ಮಗಳು’ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಬಂದವರು ಹೋದ ಮೇಲೆ ಸೌಟು ನೋಡುತ್ತಿದ್ದರು. ಒಲೆಯ ಮೇಲಿನ ಗೋಡೆಗೆ ಎರಡು ಮೊಳೆ, ಎಡಕ್ಕೊಂದು, ಬಲಕ್ಕೊಂದು. ನಾನು ಎಡಗೈಯವಳು, ಸೌಟು ಎಡಗಡೆ ಇದ್ದರೆ ನನಗೆ ಕೈಗೆ ಸಿಗುತ್ತದೆ. ನಾನು ಎಡಕ್ಕೆ ತೂಗುಹಾಕಿದರೆ ಅತ್ತೆ ಬಂದು ತೆಗೆದು ಬಲಕ್ಕೆ ಹಾಕುತ್ತಿದ್ದರು. ‘ನಮ್ಮನೇಲಿ ಹಾಗೆ ಮಾಡಲ್ಲ ವಾರಿಜಾ.’ ಬೈಗುಳವಲ್ಲ, ಗದರಿಕೆಯೂ ಅಲ್ಲ, ತಣ್ಣಗಿನ ದನಿ. ಸಾರಿಗೆ ಒಗ್ಗರಣೆ ಮೊದಲು ಹಾಕಿದೆ, ನಮ್ಮನೇಲಿ ಹಾಗೆ ಮಾಡಲ್ಲ. ಕಿಟಕಿಗೆ ಹಸಿರು ಪರದೆ ತಂದೆ, ನಮ್ಮನೇಲಿ ಹಾಗೆ ಮಾಡಲ್ಲ. ಭಾನುವಾರ ಹತ್ತು ನಿಮಿಷ ಜಾಸ್ತಿ ಮಲಗಿದೆ, ಆವಾಗಲೂ ಅದೇ. ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಡ್ರಾಯಿಂಗ್ ಟೀಚರು. ನಾನು ಬರೆದ ಒಂದು ಚಿತ್ರವೂ ಆ ಮನೆಯ ಗೋಡೆ ಏರಲಿಲ್ಲ. ಗೋಡೆಗೆ ಮೊಳೆ ಹೊಡೆದರೆ ಗಾರೆ ಉದುರುತ್ತದಂತೆ. ಮಗಳು ಇಂಚರಾ ಎಂಟು ವರ್ಷದವಳಿದ್ದಾಗ ಆಟಕ್ಕೆ ಎಂದು ಸ್ಪ್ಯಾನರ್ ಹಿಡಿದಳು, ನಲ್ಲಿ ಸೋರುತ್ತಲೇ ಇತ್ತು, ಅತ್ತೆ ಅವಳನ್ನು ಎತ್ತಿ ಮುದ್ದಾಡಿದರು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಒಳಗಿನವಳು, ಹೆತ್ತ ನಾನು ಹೊರಗಿನವಳು. ಇದಕ್ಕೆ ನಾನು ಯಾರ ಹತ್ತಿರ ಹೋಗಿ ಜಗಳ ಕಾಯಲಿ?

ಈಗ ಕಳೆದ ವರ್ಷದ ಮಾತಿಗೆ ಬರುತ್ತೇನೆ. ಚೆನ್ನಕೇಶವ ಮಗಳ ಬಾಣಂತನ ಎಂದು ಹೆಂಡತಿಯ ಜೊತೆ ಬೇರೆ ಊರಿಗೆ ಹೋಗಿದ್ದ. ಅವನು ಹೋದ ಮರುದಿನವೇ ಸಿಂಕಿನ ಕೆಳಗಿನ ನಲ್ಲಿ ಶುರುವಾಯಿತು. ಮೊದಲು ತೊಟ್ಟು ತೊಟ್ಟು, ಆಮೇಲೆ ದಾರದ ಹಾಗೆ ಧಾರೆ. ಇನ್ನೊಂದು ಮನೆಯವರನ್ನು ಕರೆಯೋಣ ಅಂದೆ. ಒಬ್ಬ ಹೊರಗೈ ಇರುವಾಗ ಇನ್ನೊಬ್ಬರನ್ನು ಕರೆದರೆ ಅವನಿಗೆ ಅವಮಾನವಂತೆ, ನಮ್ಮನೇಲಿ ಹಾಗೆ ಮಾಡಲ್ಲ. ಸರಿ, ಬಕೆಟ್ ಇಟ್ಟೆವು. ಯಜಮಾನರು ತಮ್ಮ ಕೈಗೆ ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ದಿನಕ್ಕೆರಡು ಸಲ ತಿರುಗಿಸಿ ಪ್ಯಾಂಟು ನೆನೆಸಿಕೊಂಡರು. ನಾನು ಶಾಲೆಗೆ ಹೊರಡುವ ಮೊದಲು ಒಂದು ಸಲ, ಬಂದ ಮೇಲೆ ನಾಲ್ಕು ಸಲ ಬಕೆಟ್ ಚೆಲ್ಲುತ್ತಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಬಕೆಟ್ ತುಂಬಿ ನೀರು ಹರಿದು, ಅತ್ತೆ ಕಾಲು ಜಾರಿ ದೊಪ್ಪೆಂದು ಬಿದ್ದರು.

ದೇವರ ದಯೆ, ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅವರನ್ನು ಎತ್ತಿ ಕೂರಿಸಿ ನಾನು ತಿರುಗಿದೆ. ಆ ನಲ್ಲಿ ಇನ್ನೂ ಸುರಿಯುತ್ತಲೇ ಇತ್ತು. ನನಗೆ ಎಲ್ಲಿತ್ತೋ ಆ ಸಿಟ್ಟು! ಎಪ್ಪತ್ತೆಂಟು ವರ್ಷದ ಮುದುಕಿ ನೆಲದ ಮೇಲೆ, ಇವರು ಟವೆಲ್ ಹಿಡಿದುಕೊಂಡು ‘ಚೆನ್ನಕೇಶವ ಭಾನುವಾರ ಬರ್ತಾನೆ’ ಅನ್ನುತ್ತಿದ್ದಾರೆ. ‘ಸಾಕು ಸುಮ್ನಿರ್ರಿ’ ಅಂದವಳೇ ಸ್ಪ್ಯಾನರ್ ಕಿತ್ತುಕೊಂಡು ಸಿಂಕಿನ ಕೆಳಗೆ ಕೂತೆ. ಒಂದು ಸುತ್ತು. ಅಷ್ಟೇ. ಧಾರೆ ನಿಂತಿತು. ನಾನು ಹೊರಗೆ ತಲೆ ತೆಗೆದೆ. ಅತ್ತೆ ಮೊಣಕೈ ಹಿಡಿದುಕೊಂಡು ನಲ್ಲಿಯನ್ನೇ ನೋಡುತ್ತಿದ್ದರು.

‘ನಿಂತೋಯ್ತಲ್ಲೇ’ ಅಂದರು. ‘ಹೂಂ, ನಿಂತೋಯ್ತು’ ಅಂದೆ. ಯಜಮಾನರು ಒಂದು ನಿಮಿಷ ಲೆಕ್ಕ ಹಾಕಿದವರ ಹಾಗೆ ನಿಂತು, ‘ಹಾಗಾದ್ರೆ ಅವತ್ತು, ಶಾಸ್ತ್ರದ ದಿವಸ?’ ಎಂದು ಕೇಳಿದರು. ‘ಅವತ್ತೂ ನಿಂತಿತ್ತು. ನಾನೇ ಸಡಿಲ ಮಾಡ್ದೆ. ಸುಳ್ಳು ಪಾಯಸ ಕುಡಿದಿದ್ದೀರ ನೀವೆಲ್ಲ’ ಅಂದೆ. ಇನ್ನೇನು ಅತ್ತೆ ಅಳುತ್ತಾರೆ, ಇವರು ಕೂಗಾಡುತ್ತಾರೆ, ಅಥವಾ ಇಬ್ಬರಲ್ಲಿ ಒಬ್ಬರಾದರೂ ‘ಅಯ್ಯೋ ವಾರಿಜಾ, ಇಷ್ಟು ವರ್ಷ ನಿನಗೆ ಹೀಗೆ ಅನಿಸ್ತಾ ಇತ್ತಾ’ ಎಂದು ಕೇಳುತ್ತಾರೆ ಎಂದು ಕಾದೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಹೇಳಿದರು: ‘ಹೋಗ್ಲಿ ಬಿಡು. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. ಇನ್ಮೇಲೆ ಆ ಚೆನ್ನಕೇಶವನ ಕಾಲು ಹಿಡಿಯೋದು ತಪ್ಪಿತು. ಮನೇಲೇ ನೀನಿದ್ದೀಯಲ್ಲ.’

ಕೇಳಿದಿರಾ? ಮನೆಯಲ್ಲೇ ನಾನಿದ್ದೀನಂತೆ! ಯಜಮಾನರ ಮುಖ ಕೂಡ ಅರಳಿತು. ‘ಹೌದಮ್ಮ, ಅದೂ ಸರಿಯೇ. ವಾರಿಜಾ, ಬಚ್ಚಲಮನೆ ನಲ್ಲಿನೂ ಎರಡು ದಿನದಿಂದ ತೊಟ್ಟಿಕ್ತಿದೆ. ಹಾಗೇ ಹಿತ್ತಲಿನದ್ದೂ ನೋಡ್ಬಿಡು.’ ನಾನು ಹೊರಗಿನವಳು ಎಂದು ಗೊತ್ತಾಗಿ ಐದು ನಿಮಿಷ ಆಗಿಲ್ಲ, ಆಗಲೇ ಅವರಿಗೆ ಅದರ ಅನುಕೂಲ ಕಂಡಿತ್ತು. ನಾನು ಹೋಗಿ ಬಚ್ಚಲಮನೆಯ ನಲ್ಲಿ ಬಿಗಿ ಮಾಡಿದೆ. ಹಿತ್ತಲಿನದ್ದನ್ನೂ ಮಾಡಿದೆ. ಮಾಳಿಗೆಯ ಟ್ಯಾಂಕಿನ ಕೆಳಗೆ ಜಿನುಗುತ್ತಿದ್ದದ್ದನ್ನೂ ಮಾಡಿದೆ. ಒಂದೊಂದೂ ಠಪ್ ಠಪ್ ಎಂದು ನಿಂತಾಗ ಯಾರೋ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು. ಸ್ಪ್ಯಾನರ್ ತೊಳೆದು ಒರೆಸಿ ಒಳಗೆ ಬಂದು ಸೂಟ್‌ಕೇಸಿಗೆ ಸೀರೆ, ಬೀರು ಕೆಳಗಿದ್ದ ನನ್ನ ಚಿತ್ರಗಳನ್ನು ತುಂಬಿದೆ. ‘ಎಲ್ಲಿಗೆ?’ ಎಂದು ಯಜಮಾನರು ಕೇಳಿದರು. ‘ನನ್ನ ಕೈ ಸೋಲೋ ಜಾಗಕ್ಕೆ’ ಅಂದೆ. ‘ಸಾಯಂಕಾಲದ ಹೊತ್ತಿಗೆ ಬಂದ್ಬಿಡು’ ಅಂದರು.

ತವರುಮನೆ ಊರಿನ ಇನ್ನೊಂದು ತುದಿಯಲ್ಲಿ. ಅಪ್ಪ ಅಮ್ಮ ಇಲ್ಲ, ಅಣ್ಣ ಗೋಪಿನಾಥ, ಅತ್ತಿಗೆ ಇದ್ದಾರೆ. ಆ ಮನೆಯ ನಲ್ಲಿಗಳ ಮುಂದೆ ನಾನು ಹುಡುಗಿಯಾಗಿದ್ದಾಗ ಎಷ್ಟು ಸಲ ಸೋತಿದ್ದೇನೆ! ನಾನು ಹಲ್ಲು ಕಚ್ಚಿ ತಿರುಗಿಸಿದರೆ ನೀರು ಮುಖಕ್ಕೇ ಚಿಮ್ಮುತ್ತಿತ್ತು, ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೋದವಳೇ ಅಣ್ಣನಿಗೆ ಏನನ್ನೂ ಹೇಳದೆ, ಸಿಂಕಿನ ಕೆಳಗೆ ಕೂತು ನಟ್ಟು ಸಡಿಲ ಮಾಡಿ ಮತ್ತೆ ಬಿಗಿ ಮಾಡಿದೆ. ಬೇಡಿಕೊಂಡೆ, ನಿಜವಾಗಿ ಬಾಯಿಬಿಟ್ಟು ಬೇಡಿಕೊಂಡೆ, ಸೋರು ಮಾರಾಯ ಎಂದು. ನಿಂತಿತು. ಅಣ್ಣ ಹಿಂದಿನಿಂದ ಬಗ್ಗಿ ನೋಡಿ, ‘ಪರವಾಗಿಲ್ವೇ! ನಮ್ಮ ಹೊರಗೈಯವರಿಗಿಂತ ಗಟ್ಟಿ ಕೂರಿಸಿದೆ’ ಎಂದು ಮೆಚ್ಚಿಕೊಂಡ. ಅವನಿಗೆ ಅದರ ಅರ್ಥ ಹೊಳೆಯಲೇ ಇಲ್ಲ. ಅತ್ತಿಗೆಗೆ ಹೊಳೆಯಿತು. ಅವರು ನನ್ನ ಮುಖ ನೋಡಿ ಕಣ್ಣು ತಗ್ಗಿಸಿದರು. ಹೊರಡುವಾಗ ಅರಿಶಿನ ಕುಂಕುಮ, ರವಿಕೆ ಕಣ, ಒಂದು ತೆಂಗಿನಕಾಯಿ ಕೊಟ್ಟರು. ಹೊರಗಿನಿಂದ ಬಂದ ಮುತ್ತೈದೆಗೆ ಕೊಡುವ ಹಾಗೆ. ‘ನನ್ನ ಕೈನೂ ಎಲ್ಲೂ ಸೋಲಲ್ಲ ವಾರಿಜಾ’ ಎಂದು ಬಾಗಿಲಲ್ಲಿ ಮೆಲ್ಲಗೆ ಅಂದರು. ‘ಇಲ್ಲೂ ಇಲ್ಲ. ಯಾರಿಗೂ ಹೇಳ್ಬೇಡ.’

ಆ ಮಾತಿನ ಮೇಲೆ ನನ್ನ ಸಿಟ್ಟಿಗೆ ಕಾಲು ಬಂತು. ಹಾಗಾದರೆ ಈ ಊರಿನಲ್ಲಿ ಎಷ್ಟು ಜನ ಹೆಂಗಸರು ಸೆರಗು ಅಡ್ಡ ಮಾಡಿಕೊಂಡು ನಟ್ಟು ಸಡಿಲ ಮಾಡಿದ್ದಾರೆ? ಎಷ್ಟು ಪಾಯಸ ಹೀಗೆ ಖರ್ಚಾಗಿದೆ? ಗಂಡಸರಿಗೆ ಯಾರೂ ಯಾವತ್ತೂ ಮಾವನ ಮನೆಯಲ್ಲಿ ಸ್ಪ್ಯಾನರ್ ಕೊಟ್ಟು ಪರೀಕ್ಷೆ ಮಾಡಿಲ್ಲವಲ್ಲ, ಯಾಕೆ? ಅವರು ಹುಟ್ಟಿದಲ್ಲೇ ಸೋತು ಅಲ್ಲೇ ಮುದುಕರಾಗುತ್ತಾರೆ. ಸೂಟ್‌ಕೇಸ್ ಎತ್ತಿಕೊಂಡು ನಾನು ಶಾಲೆಯ ಹಿಂದಿನ ಬೀದಿಗೆ ಹೋದೆ. ಅಲ್ಲಿ ಹಿಟ್ಟಿನ ಗಿರಣಿಯ ಮೇಲೆ ಎರಡು ಕೋಣೆ ಖಾಲಿ ಇದ್ದವು. ಗಿರಣಿಯ ಮಾದೇವಕ್ಕ ತಲೆಗೂದಲೆಲ್ಲ ಹಿಟ್ಟು ಮಾಡಿಕೊಂಡು ನಿಂತಿದ್ದಳು. ‘ಒಬ್ರೇನಾ ಟೀಚರ್?’ ಎಂದು ಕೇಳಿದಳು. ‘ಒಬ್ಳೇ’ ಅಂದೆ. ಬೀಗದ ಕೈ ಕೊಟ್ಟಳು, ಇನ್ನೊಂದು ಮಾತು ಕೇಳಲಿಲ್ಲ.

ಮೊದಲ ಕೆಲಸ, ಒಲೆಯ ಮೇಲಿನ ಗೋಡೆಗೆ ಎರಡು ಮೊಳೆ ಹೊಡೆದೆ. ಎಡಗಡೆಯದಕ್ಕೆ ಸೌಟು, ಬಲಗಡೆಯದಕ್ಕೆ ಇಕ್ಕಳ. ಕಿಟಕಿಗೆ ಹಸಿರು ಪರದೆ. ನಾನು ಬರೆದ ಚಿತ್ರಗಳನ್ನು ಗೋಡೆ ತುಂಬ ಹಾಕಿದೆ, ಗಾರೆ ಉದುರಿತು, ಗುಡಿಸಿ ಹಾಕಿದೆ. ಅಲ್ಲಿಯ ಸಿಂಕಿನ ಕೆಳಗೂ ಒಂದು ನಲ್ಲಿ ಸೋರುತ್ತಿತ್ತು. ಮೊದಲ ಭಾನುವಾರ ಬಿಗಿ ಮಾಡಿದೆ, ನಿಂತುಬಿಟ್ಟಿತು. ಚೆನ್ನಾಗಿ ಬೈದೆ. ಎರಡನೆಯ ಭಾನುವಾರ ಸಡಿಲ ಮಾಡಿ ಬಿಗಿ ಮಾಡಿದೆ, ಮತ್ತೆ ನಿಂತಿತು. ಹೀಗೆ ಪ್ರತಿ ಭಾನುವಾರ. ಕೆಲವು ವಾರ ಆ ಸಿಂಕಿನ ಮುಂದೆ ಕೂತು, ನನ್ನ ಕೈಯಲ್ಲೇ ಏನೋ ದೋಷವಿದೆ, ಇದು ಯಾವ ಮನೆಗೂ ಆಗದ ಕೈ ಅಂದುಕೊಂಡು ಅತ್ತಿದ್ದೇನೆ. ಈ ನಡುವೆ ಯಜಮಾನರು ಮೂರು ಸಲ ಫೋನ್ ಮಾಡಿದರು. ಮೊದಲ ಸಲ ಇಡ್ಲಿ ಅಕ್ಕಿ ಎಲ್ಲಿದೆ ಎಂದು ಕೇಳಲು. ಎರಡನೆಯ ಸಲ ಬಚ್ಚಲಮನೆಯ ನಲ್ಲಿ ಮತ್ತೆ ಸೋರುತ್ತಿದೆ ಎಂದು ಹೇಳಲು. ಮೂರನೆಯ ಸಲ ‘ಊಟ ಆಯ್ತಾ?’ ಎಂದು ಕೇಳಿ ಇಟ್ಟರು.

ಒಂಬತ್ತನೆಯ ಭಾನುವಾರ. ಬೆಳಿಗ್ಗೆ ತಡವಾಗಿ ಎದ್ದು, ಒಗ್ಗರಣೆ ಮೊದಲೇ ಹಾಕಿ ಸಾರು ಮಾಡಿ, ನೆಲದ ಮೇಲೆ ಕಾಲು ಚಾಚಿ ಊಟ ಮಾಡಿದೆ. ಸ್ಪ್ಯಾನರ್ ತೆಗೆದುಕೊಂಡೆ, ಅಭ್ಯಾಸಬಲ. ಬಿಗಿ ಮಾಡಿದೆ. ಒಂದು ಹನಿ. ಎರಡು. ಮೂರು. ಉಸಿರು ಬಿಗಿಹಿಡಿದು ಕಾದೆ. ನಾಲ್ಕು! ಇನ್ನೂ ಗಟ್ಟಿಯಾಗಿ ತಿರುಗಿಸಿದೆ. ಐದು, ಆರು. ಎರಡೂ ಕೈ ಹಾಕಿ, ಕಾಲು ಗೋಡೆಗೆ ಒತ್ತಿಕೊಟ್ಟು ತಿರುಗಿಸಿದೆ, ಚಿಮ್ಮಿದ ನೀರು ನೇರ ಮುಖಕ್ಕೆ ಬಂತು. ಅಪ್ಪ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನೇ ನಕ್ಕೆ. ನೆಲದ ಮೇಲೆ ಒದ್ದೆ ಸೀರೆಯಲ್ಲಿ ಕೂತು ನಲವತ್ತೆಂಟು ವರ್ಷದ ಟೀಚರು ಹುಚ್ಚಿಯ ಹಾಗೆ ಅಳುತ್ತಾ ನಕ್ಕೆ. ಸದ್ದು ಕೇಳಿ ಮಾದೇವಕ್ಕ ಮೇಲೆ ಬಂದಳು. ‘ಅಯ್ಯೋ, ಸೋರ್ತಿದೆಯಲ್ಲ, ಕೊಡಿ ಟೀಚರ್, ನಾನು ನಿಲ್ಲಿಸ್ತೀನಿ’ ಅಂದಳು. ‘ಮುಟ್ಟಬೇಡ ಮಾದೇವಕ್ಕ, ಒಂದು ವಾರ ಹಾಗೇ ಸೋರಲಿ. ಆಮೇಲೆ ನೀನೇ ನಂಗೆ ಹೊರಗೈ’ ಅಂದೆ. ಕೆಳಗೆ ಒಂದು ಕಂಚಿನ ಬಟ್ಟಲಿಟ್ಟೆ.

ಆ ವಾರದೊಳಗೇ, ಗುರುವಾರ ಸಂಜೆ, ಯಜಮಾನರು ಬಂದರು. ಒಂದು ಕೈಯಲ್ಲಿ ನಾನು ಬಿಟ್ಟುಬಂದಿದ್ದ ಕೊಡೆ, ಇನ್ನೊಂದು ಕೈಯಲ್ಲಿ ಅರ್ಧ ಕಿಲೋ ಶ್ಯಾವಿಗೆ. ಚಪ್ಪಲಿ ಎಲ್ಲಿ ಬಿಡಬೇಕು ಎಂದು ಗೊತ್ತಾಗದೆ ಬಾಗಿಲಲ್ಲೇ ನಿಂತರು. ಸಣ್ಣಗಾಗಿದ್ದರು. ನನಗೆ ಪಾಪ ಅನ್ನಿಸಿತು, ಪಾಪ ಅನ್ನಿಸಿದ್ದಕ್ಕೆ ನನ್ನ ಮೇಲೇ ಕೋಪವೂ ಬಂತು. ಕೂತು ಗೋಡೆಯ ಚಿತ್ರಗಳನ್ನೆಲ್ಲ ನೋಡಿದರು. ‘ಇಷ್ಟೊಂದು ಬರೆದಿದ್ಯಾ?’ ಅಂದರು. ‘ಇಪ್ಪತ್ತಾರು ವರ್ಷದಿಂದ ಬೀರು ಕೆಳಗಿದ್ವು’ ಅಂದೆ. ‘ಅಮ್ಮ ದಿನಾ ಕೇಳ್ತಾರೆ, ವಾಪಸ್ ಬಾ’ ಅಂದರು. ‘ನಲ್ಲಿ ಸೋರ್ತಿದೆ ಅಂತಾನಾ?’ ಎಂದು ಕೇಳಿದೆ. ತಲೆ ತಗ್ಗಿಸಿದರು. ‘ತಪ್ಪಾಯ್ತು ವಾರಿಜಾ. ಅವತ್ತು ನಾನು ಹಾಗನ್ನಬಾರ್ದಿತ್ತು. ನೀನು ಬರದಿದ್ರೆ ಬೇಡ. ನಾನೇ ಇಲ್ಲಿಗೆ ಬಂದುಹೋಗಿ ಮಾಡ್ತೀನಿ. ನೀನಿದ್ದಲ್ಲೇ ನನ್ನ ಮನೆ.’

ಆ ಕೊನೆಯ ಮಾತು ಕೇಳಿದ್ದೇ ನನ್ನ ಪಿತ್ತ ನೆತ್ತಿಗೇರಿತು. ನಾನಿದ್ದಲ್ಲೇ ಮನೆ! ಎಷ್ಟು ಸುಲಭ ಇವರಿಗೆ, ಅರ್ಧ ಕಿಲೋ ಶ್ಯಾವಿಗೆ ತಂದು ಹೇಳಿಬಿಟ್ಟರೆ ಆಯಿತು. ‘ಹೌದಾ? ಹಾಗಾದ್ರೆ ಸಿಂಕಿನ ಕೆಳಗೆ ಸ್ಪ್ಯಾನರ್ ಇದೆ. ತಿರುಗಿಸಿ ನೋಡಿ’ ಅಂದೆ. ಅವರು ನನ್ನನ್ನು ನೋಡಿದರು, ಎದ್ದರು, ಪ್ಯಾಂಟು ಮಡಚಿಕೊಂಡು ಮೊಣಕಾಲೂರಿ ಸಿಂಕಿನ ಕೆಳಗೆ ತಲೆ ಹಾಕಿದರು. ನಾನು ಪಕ್ಕದಲ್ಲೇ ನಿಂತೆ. ಬಟ್ಟಲಿಗೆ ಹನಿ ಬೀಳುವ ಸದ್ದು ಟಿಣ್, ಟಿಣ್ ಎಂದು ಕೇಳುತ್ತಿತ್ತು. ಅವರ ಕೈ ಬಲಕ್ಕೆ ತಿರುಗಿತು. ಟಿಣ್. ಆಮೇಲೆ ಇಲ್ಲ. ಕಾದೆ. ಕೆಳಗೆ ಗಿರಣಿ ಆ ಹೊತ್ತಿಗೆ ನಿಂತಿತ್ತು. ಇಲ್ಲ. ಅವರ ಬೆನ್ನು ಕಲ್ಲಾಯಿತು. ನಾನಂತೂ ಬಾಯಿ ತೆರೆದಿದ್ದೆ, ನೋಡಿದ್ರಾ, ಯಾರು ಹೊರಗಿನವರು ಈಗ ಹೇಳಿ ಅನ್ನಲು. ಅಷ್ಟರಲ್ಲಿ ಅವರ ಮೊಣಕೈ ಒಂಚೂರು ದೇಹಕ್ಕೆ ಒತ್ತಿಕೊಂಡಿತು, ಮರೆ ಮಾಡುವ ಹಾಗೆ. ಮಣಿಕಟ್ಟು ಮೆಲ್ಲಗೆ ಎಡಕ್ಕೆ ತಿರುಗಿತು. ಟಿಣ್.

‘ನೋಡು’ ಎಂದು ಹೊರಗೆ ಬಂದರು, ಮುಖವೆಲ್ಲ ಬೆವರು. ‘ಎಷ್ಟು ಬಿಗಿ ಮಾಡಿದ್ರೂ ನಿಲ್ತಾನೇ ಇಲ್ಲ.’ ನನ್ನ ಬಾಯಿಯಲ್ಲಿದ್ದ ಮಾತು ಅಲ್ಲೇ ಉಳಿಯಿತು. ಆ ಎಡಕ್ಕೆ ತಿರುಗುವ ಮಣಿಕಟ್ಟನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಅದರ ಹಿಂದೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದೂ ಗೊತ್ತು. ಕಳ್ಳ ಎಂದು ಹಿಡಿದು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಇಪ್ಪತ್ತಾರು ವರ್ಷ ನಾನು ಹೊತ್ತದ್ದನ್ನು ಇವರೂ ಸ್ವಲ್ಪ ಹೊರಲಿ, ಭಾರ ಎಷ್ಟೆಂದು ತಿಳಿಯಲಿ ಅನ್ನಿಸಿತು. ‘ಓಹೋ, ಕೈ ಸೋತ್ರಾ? ಹಾಗಾದ್ರೆ ಶಾಸ್ತ್ರ ಬಿಡಕ್ಕಾಗುತ್ತಾ, ಕೂತ್ಕೊಳ್ಳಿ’ ಎಂದು ಅವರು ತಂದ ಶ್ಯಾವಿಗೆಯಲ್ಲೇ ಪಾಯಸ ಮಾಡಿದೆ. ಲೋಟ ಹಿಡಿದುಕೊಂಡು ಕೂತರು, ಗುಟುಕು ಇಳಿಯಲು ಬಹಳ ಹೊತ್ತು ಬೇಕಾಯಿತು. ದ್ರಾಕ್ಷಿಗಳು ತಳದಲ್ಲೇ ಉಳಿದವು.

ಮುಗಿದ ಮೇಲೆ ಅವರೇ ಎದ್ದು ಲೋಟ ತೊಳೆದರು. ಮದುವೆಯಾದಾಗಿನಿಂದ ಅದನ್ನು ನಾನು ನೋಡಿರಲಿಲ್ಲ. ಪಾಯಸದ ಸೌಟನ್ನೂ ತೊಳೆದು, ಇಕ್ಕಳವನ್ನು ಸರಿಸಿ, ಬಲಗಡೆಯ ಮೊಳೆಗೆ ತೂಗುಹಾಕಿದರು.

‘ರೀ’ ಅಂದೆ. ‘ನಮ್ಮನೇಲಿ ಹಾಗೆ ಮಾಡಲ್ಲ.’

ಅವರು ಸೌಟು ತೆಗೆದು ಎಡಗಡೆಯ ಮೊಳೆಗೆ ಹಾಕಿದರು.